ಬೇಲಿಯೊಳಗಿನ ಕಳ್ಳ

ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಬಟ್ಟೆಯ ಎಳೆ ಎಣಿಸಲು ಮಡಚುವ ಪುಟ್ಟ ಭೂತಗನ್ನಡಿ ಇಟ್ಟುಕೊಂಡಿರುತ್ತಾರೆ. ಭಾನುವಾರ ಅದನ್ನು ಜೇಬಿಗಿಳಿಸಿ ಕಾಂಗೇಯಂ ಬಸ್ಸು ಹತ್ತುವುದು ನನ್ನ ಚಟ. ಅಲ್ಲಿನ ಹುಲ್ಲುಗಾವಲಿಗೆ ಕೊರಂಗಾಡು ಎನ್ನುತ್ತಾರೆ. ನಡುವೆ ಕೊಳುಕ್ಕಟ್ಟೈ ಹುಲ್ಲು, ಸುತ್ತ ಮುಳ್ಳುಕಿಳುವೈ ಗಿಡದ ಬೇಲಿ. ಬರುವವರೆಲ್ಲ ಕಾಂಗೇಯಂ ಎತ್ತು ನೋಡಲು ಬರುತ್ತಾರೆ. ಬೇಲಿಗೆ ಮೂಗು ತೂರಿಸಿ ನಿಂತ ನನ್ನನ್ನು ಕಂಡ ದನ ಕಾಯುವ ಅಜ್ಜ "ಎನ್ನಂಗ ತಂಬಿ, ಎನ್ನ ತೇಡುರೀಂಗ?" ಎನ್ನುತ್ತಾರೆ. ಜೇಡ ಹುಡುಕುತ್ತಿದ್ದೇನೆಂದರೆ ನಕ್ಕು ಮುಂದೆ ಹೋಗುತ್ತಾರೆ.

ಮುಳ್ಳುಗಳ ನಡುವೆ ಸಿರ್ಟೊಫೋರಾ ಜೇಡಗಳ ಡೇರೆಬಲೆಗಳು ಒತ್ತೊತ್ತಾಗಿ ಕೇರಿ ಕಟ್ಟಿಕೊಂಡಿರುತ್ತವೆ. ಈ ಬಲೆಗೆ ಅಂಟಿಲ್ಲ, ದಿನಾ ಬಿಚ್ಚಿ ಕಟ್ಟುವ ಗೋಜೂ ಇಲ್ಲ. ಬಾಡಿಗೆ ಕೊಡದೆ ಬಂದು ಕೂರುವವರಿಗೆ ಇನ್ನೇನು ಬೇಕು? ಹಾಗೆ ಕೂತದ್ದೇ ಆರ್ಗೈರೋಡಿಸ್ ಎಂಬ ಇನ್ನೊಂದು ಜೇಡ. 1864ರಲ್ಲಿ ಫ್ರಾನ್ಸಿನ ಯೂಜೀನ್ ಸಿಮೋನ್ ಹೆಸರಿಟ್ಟ ಕುಲ. ಅಕ್ಕಿಕಾಳಿಗಿಂತ ಚಿಕ್ಕ ಮೈ, ಶಂಕುವಿನಾಕಾರದ ಹೊಟ್ಟೆ, ಅದರ ಮೇಲೆ ಬೆಳ್ಳಿಯ ಹೊಳಪು. ಇಬ್ಬನಿಯೆಂದುಕೊಂಡು ಕಣ್ಣು ದಾಟಿಬಿಡುತ್ತದೆ. ಬಿಸಿಲೇರಿದರೂ ಆರದಿದ್ದಾಗ ಅನುಮಾನ ಬರುತ್ತದೆ.

ಇದರ ಕಳವು ನೋಡಬೇಕು. ದೊಡ್ಡ ಬಲೆಗೆ ತನ್ನದೂ ಕೆಲವು ಎಳೆ ಜೋಡಿಸಿ ಅಂಚಿನಲ್ಲಿ ತಲೆಕೆಳಗಾಗಿ ಜೋತಿರುತ್ತದೆ. ನೊಣ ಬಿದ್ದು ಬಲೆ ನಡುಗಿದರೆ ಸುದ್ದಿ ಇಲ್ಲಿಗೂ ಬಂತು. ಮನೆಯೊಡತಿ ನೊಣವನ್ನು ಸುತ್ತಿಟ್ಟು ಅತ್ತ ಸರಿದಳೋ, ಇದು ಹೊರಟಿತು. ಅವಳು ಅಲುಗಿದರೆ ಇದು ಗಕ್ಕನೆ ನಿಂತಿತು. ಮುಂಗಾಲಲ್ಲಿ ದಾರಿ ತಡವುತ್ತ ಬಂದು, ಪೊಟ್ಟಣ ಹಿಡಿದಿಟ್ಟ ಎಳೆಗಳನ್ನು ಒಂದೊಂದಾಗಿ ಕಡಿದು, ತನ್ನ ನೂಲಿಗೆ ಕಟ್ಟಿ ಒಯ್ಯುತ್ತದೆ. ಬೇಟೆ ಸಿಗದಿದ್ದರೆ ಬಲೆಯ ರೇಷ್ಮೆಯನ್ನೇ ತಿನ್ನುವುದೂ ಉಂಟು.

ಸಿರುಮುಗೈಯಲ್ಲಿ ರೇಷ್ಮೆ ಸೀರೆ ನೇಯುವ, ಮನೆಯೊಳಗೆ ಕನ್ನಡವಾಡುವ ದೇವಾಂಗ ನೆಂಟರೊಬ್ಬರಿಗೆ ಇದನ್ನು ಹೇಳಿದೆ. "ಕದ್ದ ಎಳೇಲಿ ಏನಾದ್ರೂ ನೇಯ್ತದಾ?" ಎಂದರು. "ಇಲ್ಲ ಮಾವ, ತಿಂದ್ಬಿಡ್ತದೆ." "ಹಂಗಾದ್ರೆ ಅದು ನಮ್ಮೋರಲ್ಲ ಬಿಡಪ್ಪ, ದಲ್ಲಾಳಿ!"

ಪೊರೆ ಕಳಚಿ ಮೆತ್ತಗಾದ ಮನೆಯೊಡತಿಯನ್ನೇ ಇದು ತಿನ್ನುವುದುಂಟು ಎಂಬುದನ್ನು ಮಾವನಿಗೆ ಹೇಳಲಿಲ್ಲ. ನನಗೂ ಅದು ಅಷ್ಟು ರುಚಿಸಿದ ಸಂಗತಿಯಲ್ಲ.

ಸಿರುವಾಣಿಯ ಕಡೆ ಕಾಡಂಚಿಗೆ ಹೋದರೆ ಅಂಗೈಯಗಲದ ನೆಫಿಲಾ ಜೇಡ. ಕ್ಯಾಮೆರಾಗಳೆಲ್ಲ ಅವಳತ್ತ. ನಾನು ಅಂಚಿನ ಎಳೆಗಳಿಂದ ಶುರುಮಾಡುತ್ತೇನೆ. ಕೆಂಪು ಮೈಯ ಆರ್ಗೈರೋಡಿಸ್ ಫ್ಲೇವಸೆನ್ಸ್ ಅವಳ ಬಲೆಯಲ್ಲಿ ಬೀಡುಬಿಟ್ಟಿರುತ್ತದೆ. ಗಂಡಾದರೆ ಹಣೆಯಲ್ಲಿ ಉಬ್ಬು, ಹೆಣ್ಣಾದರೆ ಪಕ್ಕದಲ್ಲೇ ತೊಟ್ಟಿನಿಂದ ಜೋತ ಕಂದು ಮೊಟ್ಟೆಚೀಲವೂ ಸಿಗಬಹುದು.