ಬೇಟೆ ಬಿಟ್ಟ ದೊರೆಯ ಊರಿಗೆ

ಕಲಬುರಗಿ ಸೀಮೆಯೆಂದರೆ ಬಿಸಿಲು, ತೊಗರಿ, ಕರಿನೆಲ ಅಷ್ಟೇ ಎಂದುಕೊಂಡವರು ಚಿಂಚೋಳಿಯ ಕಾಡನ್ನೊಮ್ಮೆ ನೋಡಬೇಕು. ಚಂದ್ರಂಪಳ್ಳಿ ಜಲಾಶಯದ ಸುತ್ತ ಕೆಂಪು ಮಣ್ಣಿನ ಗುಡ್ಡಗಳು, ಅವುಗಳ ನಡುನಡುವೆ ಲಂಬಾಣಿ ತಾಂಡಾಗಳು. ಸುಮಾರು 134 ಚದರ ಕಿಲೋಮೀಟರಿನ ಈ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಕೃಷ್ಣಮೃಗ, ತೋಳ, ಕತ್ತೆಕಿರುಬಗಳಿಗೆ ಇದು ಆಸರೆ. ಕೃಷ್ಣಮೃಗವನ್ನು ಇಲ್ಲಿಯವರು ಚಿಗರಿ ಅನ್ನುತ್ತಾರೆ.

ತೊಗರಿ ಹೊಲದ ಬದುವಿನಲ್ಲಿ ಹರಣಶಿಕಾರಿ ಸಮುದಾಯದ ಹಿರಿಯರೊಬ್ಬರು ಜೊತೆಯಾದರು. ಹರಿಣದ ಬೇಟೆಯನ್ನು ಹೆಸರಿನಲ್ಲೇ ಹೊತ್ತ ಜನ ಅವರು. ಹಸಿಮಣ್ಣಿನಲ್ಲಿ ಮೂಡಿದ್ದ ಗೊರಸಿನ ಗುರುತಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಅದರ ಅಂಚನ್ನು ಬೆರಳಿನಿಂದ ಸವರಿದರು. ‘ಇದು ಹೆಣ್ಣು ನೋಡ್ರಿ. ಗಬ್ಬ ಅದ. ಹೆಜ್ಜಿ ಆಳ ಬಿದ್ದಾವ’ ಅಂದರು. ಅವರ ತಂದೆ ಉರುಲು ಹಾಕುತ್ತಿದ್ದವರಂತೆ. ‘ಗಬ್ಬದ ಚಿಗರಿ ಸಿಕ್ರ ನಮ್ಮಪ್ಪ ಬಿಟ್ಟುಬಿಡಾಂವ್ರಿ. ಅದನ್ನ ತಿಂದ್ರ ಮುಂದಿನ ವರ್ಷ ಏನ್ ತಿನ್ನೂದು?’ ಮಗ ಈಗ ಪಟ್ಟಣದಲ್ಲಿ ಕೂಲಿ ಮಾಡುತ್ತಾನೆ. ಆ ಮನೆಯಲ್ಲಿ ಹೆಜ್ಜೆ ಓದುವ ವಿದ್ಯೆ ಇವರಿಗೇ ಕೊನೆ.

1871ರಲ್ಲಿ ಬ್ರಿಟಿಷರು ತಂದ ಕಾಯ್ದೆ ಇಂಥ ಎಷ್ಟೋ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಕರೆಯಿತು. 1952ರಲ್ಲಿ ಆ ಹಣೆಪಟ್ಟಿಯೇನೋ ರದ್ದಾಯಿತು, ಅನುಮಾನದ ಕಣ್ಣು ಮಾತ್ರ ಹೋಗಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯೂ ನಿಂತಿತು. ನಿಲ್ಲಲೇಬೇಕಿತ್ತು, ಇಲ್ಲವಾದರೆ ಇಂದು ಚಿಗರಿಯೇ ಇರುತ್ತಿರಲಿಲ್ಲ. ಆದರೆ ಬೇಟೆಗಾರನ ಕಸುಬು ಕಿತ್ತುಕೊಂಡ ಮೇಲೆ ಅವನ ಕೈಗೆ ಏನು ಕೊಟ್ಟೆವು? ಈ ಪ್ರಶ್ನೆ ಹೊತ್ತುಕೊಂಡೇ ಸೇಡಂ ಬಸ್ಸು ಹತ್ತಿದೆ.

ಸೇಡಂನಿಂದ ರೈಲು. ಸಿಕಂದರಾಬಾದಿನಿಂದ ವಾಡಿಗೆ ನಿಜಾಮನ ಕಾಲದಲ್ಲಿ, 1874ರಲ್ಲಿ ಹಾಸಿದ ಹಳಿ ಇದು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಈಗಿನ ಮಳಖೇಡ, ಕಾಗಿಣಾ ದಂಡೆಯಲ್ಲಿ ಈ ದಾರಿಯಲ್ಲೇ ಸಿಗುತ್ತದೆ. ಆಮೇಲೆ ಚಿತ್ತಾಪುರ, ಸಿಮೆಂಟ್ ಕಾರ್ಖಾನೆಯ ವಾಡಿ ಜಂಕ್ಷನ್. ಅಲ್ಲಿಂದ ಶಹಾಬಾದಿಗೆ ಹೋಗಿ ಕಲ್ಲಿನ ಗಣಿ ನೋಡಿದೆ. ಪದರ ಪದರವಾದ ಸುಣ್ಣದಕಲ್ಲು. ಉಳಿಯನ್ನು ಪದರದ ಸಂದಿಗೆ ಹಿಡಿದು ಹದವಾಗಿ ಬಡಿದರೆ ಇಡೀ ಹಾಸು ಸಲೀಸಾಗಿ ಎದ್ದು ಬರುತ್ತದೆ. ನಮ್ಮ ಸೀಮೆಯ ಮನೆಮನೆಯ ನೆಲಕ್ಕೂ ಇದೇ ಫರ್ಸಿ. ಈ ನೆಲದ ಸುಣ್ಣದಕಲ್ಲಿನಲ್ಲೇ ಎರಡು ಸಾವಿರ ವರ್ಷದ ಹಿಂದೆ ಶಿಲ್ಪಿಗಳು ಒಬ್ಬ ದೊರೆಯ ಮುಖ ಕಂಡರಿಸಿದರು. ಅವನನ್ನು ಕಾಣಲು ಮತ್ತೆ ವಾಡಿ ದಾಟಿ ಭೀಮಾ ತೀರದ ಸನ್ನತಿಗೆ ಹೊರಟೆ.

ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪದ ಅವಶೇಷವಿದೆ. 1990ರ ದಶಕದ ಉತ್ಖನನದಲ್ಲಿ ಸಿಕ್ಕ ಒಂದು ಫಲಕದಲ್ಲಿ ರಾಜ, ರಾಣಿ, ಛತ್ರ ಚಾಮರ ಹಿಡಿದ ಪರಿವಾರ. ಜೊತೆಗೆ ಬ್ರಾಹ್ಮಿಯಲ್ಲಿ ‘ರಾಯ ಅಸೋಕೋ’ ಎಂಬ ಬರಹ. ಹೆಸರು ಬರೆದ ಅಶೋಕನ ಚಿತ್ರ ಜನರ ಕಣ್ಣಿಗೆ ಬಿದ್ದದ್ದು ನಮ್ಮ ಈ ಹಳ್ಳಿಯಲ್ಲಿ. ಅವನು ತೀರಿಕೊಂಡು ಶತಮಾನಗಳು ಕಳೆದ ಮೇಲೂ ಈ ಜನ ಅವನನ್ನು ಮರೆತಿರಲಿಲ್ಲ.

ಬೇರೆಡೆಯ ಬಂಡೆಗಳ ಮೇಲೆ ಅಶೋಕ ತನ್ನ ಅಡುಗೆಮನೆಯ ಲೆಕ್ಕವನ್ನೇ ಬರೆಸಿದ್ದಾನೆ: ಹಿಂದೆ ದಿನಕ್ಕೆ ಲಕ್ಷಗಟ್ಟಲೆ ಪ್ರಾಣಿ ಕೊಲ್ಲುತ್ತಿದ್ದರು; ಈಗ ಎರಡು ನವಿಲು, ಒಂದು ಜಿಂಕೆ, ಜಿಂಕೆಯೂ ದಿನಾ ಅಲ್ಲ; ಮುಂದೆ ಅವೂ ಇಲ್ಲ. ಬೇಟೆಯ ವಿಹಾರ ಬಿಟ್ಟು ಧರ್ಮಯಾತ್ರೆ ಹಿಡಿದದ್ದನ್ನೂ ಹೇಳಿದ್ದಾನೆ. ದೂರದ ಕಂದಹಾರದ ಗ್ರೀಕ್, ಅರಮಾಯಿಕ್ ಶಾಸನವಂತೂ ಅರಸನ ಬೇಟೆಗಾರರೂ ಬೇಟೆ ನಿಲ್ಲಿಸಿದರೆಂದು ದಾಖಲಿಸುತ್ತದೆ. ತ್ಯಾಗ ದೊರೆಯೊಬ್ಬನದೇ ಅಲ್ಲ, ಬಲೆ ಕೆಳಗಿಟ್ಟವರದೂ ಹೌದು.

ಸನ್ನತಿಯ ಚಂದ್ರಲಾಂಬಾ ದೇಗುಲದ ಆವರಣದಲ್ಲಿ 1986ರಲ್ಲಿ ಸಿಕ್ಕ ಅಶೋಕನ ಶಾಸನ ಕಾಳಿಯ ಮೂರ್ತಿಗೆ ಪೀಠವಾಗಿತ್ತು. ಮೂರ್ತಿ ಕೂರಿಸಲು ಕೊರೆದ ತೂತಿನಲ್ಲಿ ಎಷ್ಟೋ ಅಕ್ಷರ ಹೋಗಿವೆ. ಉಳಿದದ್ದರಲ್ಲಿ, ಒಡಿಶಾದ ಧೌಲಿ ಮತ್ತು ಜೌಗಡ ಬಿಟ್ಟರೆ ಇಲ್ಲಿ ಮಾತ್ರ ಸಿಕ್ಕಿರುವ ಪ್ರತ್ಯೇಕ ಶಾಸನಗಳಿವೆ. ಎಲ್ಲ ಜನರೂ ತನ್ನ ಮಕ್ಕಳು, ಗಡಿಯಾಚೆಯವರೂ ತನಗೆ ಅಂಜಬಾರದು ಎಂದು ಅರಸ ಅಧಿಕಾರಿಗಳಿಗೆ ತಾಕೀತು ಮಾಡುವ ಶಾಸನಗಳು ಅವು.

ಬದುವಿನ ಮೇಲಿನ ಆ ಹಿರಿಯರಿಗೆ ಸಲ್ಲಬೇಕಾದದ್ದು ಇದೇ ಮಾತು. ಬೇಟೆ ಬಿಟ್ಟ ಅರಸನನ್ನು ಇಷ್ಟು ಪ್ರೀತಿಯಿಂದ ನೆನೆಯುವ ನಾವು, ಬೇಟೆ ಬಿಟ್ಟ ಜನರನ್ನೂ ನೆನೆಯಬೇಕು. ಚಿಂಚೋಳಿಯ ಕಾಡಿಗೆ ಕಾವಲುಗಾರರು ಬೇಕು, ದಾರಿ ತೋರುವವರು ಬೇಕು, ಪ್ರಾಣಿಗಳ ಲೆಕ್ಕ ಹಿಡಿಯುವವರು ಬೇಕು. ಹೆಜ್ಜೆ ನೋಡಿ ತಾಯಿಯನ್ನು ಗುರುತಿಸಬಲ್ಲವರು ಆ ಊರುಗಳಲ್ಲಿ ಇನ್ನೂ ಇದ್ದಾರೆ. ಅವರಿರುವಾಗಲೇ ಅವರ ಮಕ್ಕಳನ್ನು ಆ ಕೆಲಸಕ್ಕೆ ಕರೆಯೋಣ.