ದಂಡೆಗಿಂತ ಮೊದಲು ನೀರು

ಪುಣೆಯ ನದಿತೀರ ಯೋಜನೆಯ ಗ್ರಾಫಿಕ್ ಚಿತ್ರಗಳನ್ನು ಇಲ್ಲಿರುವ ಕನ್ನಡಿಗರೆಲ್ಲ ವಾಟ್ಸಾಪಿನಲ್ಲಿ ನೋಡಿಯೇ ಇರುತ್ತೀರಿ. ನೀಲಿ ನೀರು, ಎರಡೂ ಬದಿ ಕಲ್ಲುಹಾಸಿನ ದಾರಿ, ಸೈಕಲ್ ಮೇಲೆ ನಗುವ ಕುಟುಂಬ. ಮುಳಾ, ಮುಠಾ, ಎರಡೂ ಕೂಡಿದ ಮೇಲಿನ ಮುಳಾ-ಮುಠಾ, ಒಟ್ಟು 44 ಕಿ.ಮೀ. ಕೆಲಸ. 2022ರ ಮಾರ್ಚಿನಲ್ಲಿ ಶಂಕುಸ್ಥಾಪನೆಯಾಯಿತು. ಬಂಡ್ ಗಾರ್ಡನ್ ಕಡೆ ಸಿದ್ಧವಾದಷ್ಟು ದಾರಿಯಲ್ಲಿ ಮಗಳ ಜೊತೆ ನಾನೂ ನಡೆದಿದ್ದೇನೆ. ಚೆನ್ನಾಗಿಯೇ ಇದೆ. ಮಕ್ಕಳಿಗೆ ಓಡಾಡಲು ಜಾಗ ಸಿಗದ ಊರಿನಲ್ಲಿ ಅದನ್ನು ಬೇಡ ಎನ್ನಲು ಮನಸ್ಸು ಬಾರದು. ಫೋಟೋ ತೆಗೆದು ಊರಿಗೆ ಕಳಿಸಿದೆ. ಅವ್ವ ಫೋನ್ ಮಾಡಿ, "ದಂಡಿ ಛಂದ ಮಾಡ್ಯಾರ. ನೀರು ಹ್ಯಾಂಗ ಅದ?" ಎಂದಳು.

ಹಾಗೆ ಕೇಳುವ ಹಕ್ಕು ಅವಳಿಗಿದೆ. ನಮ್ಮದು ಅಫಜಲಪುರ ತಾಲೂಕಿನ ಭೀಮಾ ದಂಡೆಯ ಊರು. ಮುಳಾ-ಮುಠಾ ಪುಣೆಯಿಂದ ಪೂರ್ವಕ್ಕೆ ಹರಿದು ಭೀಮೆಯನ್ನು ಸೇರುತ್ತದೆ. ಮುಂದೆ ಉಜನಿ ಜಲಾಶಯ, ಪಂಢರಪುರ, ಆಮೇಲೆ ನಮ್ಮ ಗಡಿ, ಕಡೆಗೆ ರಾಯಚೂರಿನ ಹತ್ತಿರ ಕೃಷ್ಣೆ. ಮಳೆಗಾಲದಲ್ಲಿ ಅವ್ವ "ಉಂಡ್ಯಾ?" ಎನ್ನುವ ಮೊದಲೇ "ಡ್ಯಾಮಿನ ಗೇಟ್ ತೆಗದಾರೇನು?" ಎನ್ನುತ್ತಾಳೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ನಮ್ಮ ತೊಗರಿ ನಾಲ್ಕು ದಿನ ನೀರಿನಲ್ಲಿ ನಿಂತಿತ್ತು. ಆ ವರ್ಷ ಕಾಳು ಕೈಗೆ ಬರಲಿಲ್ಲ.

ಪುಣೆಯ ಕೊಳೆ ಹಾಗೇ ನೇರವಾಗಿ ನಮ್ಮೂರಿಗೆ ಬರುತ್ತದೆ ಎಂದು ಹೇಳುತ್ತಿಲ್ಲ. ಬಹಳಷ್ಟು ಉಜನಿಯಲ್ಲೇ ತಂಗುತ್ತದೆ. ಅಲ್ಲಿನ ಹಿನ್ನೀರು ಪಾಚಿಗಟ್ಟಿ ಹಸಿರಾಗುತ್ತದೆ. ನಮ್ಮ ಆಫೀಸಿನವರು ಚಳಿಗಾಲದ ವೀಕೆಂಡಿನಲ್ಲಿ ಫ್ಲೆಮಿಂಗೋ ಫೋಟೋಗೆಂದು ಭಿಗವಣಕ್ಕೆ ಹೋಗುವುದು ಇದೇ ಹಿನ್ನೀರಿಗೆ. ಸೊಲ್ಲಾಪುರದ ಜನ ಕುಡಿಯುವುದೂ ಇದೇ ಜಲಾಶಯದ ನೀರನ್ನು.

ಪುಣೆ ಮುಠಾ ದಂಡೆಯ ಮೇಲೆ ಬೆಳೆದ ಊರು. ಕಸಬಾ ಪೇಠ, ಶನಿವಾರವಾಡೆ, ಓಂಕಾರೇಶ್ವರ ಎಲ್ಲ ಹೊಳೆಗೆ ಹತ್ತಿರ. ಆದರೆ ಪೇಶ್ವೆಯರ ಕಾಲದಲ್ಲೇ ಕುಡಿಯುವ ನೀರನ್ನು ಕಾತ್ರಜ ಕೆರೆಯಿಂದ ನೆಲದಡಿಯ ಕಾಲುವೆಯಲ್ಲಿ ತರುತ್ತಿದ್ದರು. 19ನೇ ಶತಮಾನದಲ್ಲಿ ಖಡಕವಾಸಲಾ ಅಣೆಕಟ್ಟು ಬಂತು. ನೀರು ಮೇಲಿನಿಂದ ನಲ್ಲಿಗೆ ಬರತೊಡಗಿದ ಮೇಲೆ ಊರಿಗೆ ನದಿಯಿಂದ ಆಗಬೇಕಾದದ್ದು ಒಂದೇ ಉಳಿಯಿತು: ಬಳಸಿದ್ದನ್ನು ಹೊತ್ತೊಯ್ಯುವುದು. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ಹೊಳೆಗೆ ಹತ್ತಿರದ ಹಳೆಯ ಪೇಠಗಳು ಮುಳುಗಿದ ಮೇಲೆ ಭಯವೂ ಸೇರಿತು. ನಮ್ಮ ಮೇಲಿನ ಫ್ಲಾಟಿನ ಆಜಿ ಆಗ ಚಿಕ್ಕ ಹುಡುಗಿ. ಈಗಲೂ ಜುಲೈಯಲ್ಲಿ ಹೊಳೆ ಕಡೆ ಹೋಗುವುದಿಲ್ಲ. ಬೇಸಿಗೆಯಲ್ಲಿ ಭಿಡೆ ಪೂಲಿನ ಕೆಳಗೆ ಹರಿಯುವುದು ಬಹುಪಾಲು ಚರಂಡಿ ನೀರು, ಗೇಟ್ ತೆರೆದರೆ ಅದೇ ಪೂಲು ಮುಳುಗುತ್ತದೆ.

ಯೋಜನೆಯವರಿಗೆ ಮಾದರಿ ಅಹಮದಾಬಾದಿನ ಸಾಬರಮತಿ. ಅಲ್ಲಿ ತುಂಬಿ ನಿಂತಿರುವುದು ನರ್ಮದಾ ಕಾಲುವೆಯಿಂದ ತಂದ ನೀರು. ಪುಣೆಗೆ ಅಂಥ ನರ್ಮದೆ ಎಲ್ಲಿಂದ ಬರಬೇಕು? ಜಪಾನಿನ ಸಾಲದಲ್ಲಿ 11 ಕೊಳಚೆ ಶುದ್ಧೀಕರಣ ಘಟಕ ಕಟ್ಟುವ ಇನ್ನೊಂದು ಯೋಜನೆ ಇದೆ. ನನ್ನ ಪ್ರಕಾರ ಮೊದಲು ಮುಗಿಯಬೇಕಾದದ್ದು ಅದು. ಬ್ಯಾಕೆಂಡ್ ಇಲ್ಲದೆ ಕ್ಲೈಂಟಿಗೆ ಬರೀ ಸ್ಕ್ರೀನ್ ತೋರಿಸುವ ಡೆಮೊಗಳನ್ನು ನಮ್ಮ ಕಸುಬಿನವರು ಬೇಕಾದಷ್ಟು ನೋಡಿದ್ದೇವೆ.

ಬೇರೆ ದಾರಿಯೂ ಇದೆ ಎಂದು ಗೊತ್ತಾದದ್ದು ಮ್ಯೂನಿಕ್‌ನಲ್ಲಿ ಆರು ತಿಂಗಳು ಆನ್‌ಸೈಟ್ ಇದ್ದಾಗ. ಆ ಹಳೆಯ ಊರಿನ ನಡುವೆ ಇಸಾರ್ ನದಿ ಹರಿಯುತ್ತದೆ. ಹಿಂದೆ ಅದನ್ನೂ ಕಾಂಕ್ರೀಟ್ ದಂಡೆಯಲ್ಲಿ ಬಿಗಿದಿದ್ದರು. 2000ದಿಂದ 2011ರವರೆಗೆ ಎಂಟು ಕಿ.ಮೀ. ಉದ್ದಕ್ಕೂ ಆ ಕಾಂಕ್ರೀಟ್ ಕಿತ್ತು, ಪಾತ್ರ ಅಗಲ ಮಾಡಿ, ಇಳಿಜಾರು ದಂಡೆ, ಜಲ್ಲಿಕಲ್ಲಿನ ದಿಬ್ಬಗಳಿಗೆ ಜಾಗ ಕೊಟ್ಟರು. ಪ್ರವಾಹಕ್ಕೆ ಹರಡಿಕೊಳ್ಳಲು ಎಡೆ ಸಿಕ್ಕಿತು, ಜನರಿಗೆ ಕಾಲು ಇಳಿಬಿಟ್ಟು ಕೂರಲು ಕಲ್ಲು ಸಿಕ್ಕಿತು. ನನಗೆ ಹೆಚ್ಚು ಹಿಡಿಸಿದ್ದು ಬೇರೆ ಸಂಗತಿ. ಮ್ಯೂನಿಕ್‌ನವರು ಈಜಾಡಲಿ ಎಂದು ನದಿಯ ಮೇಲ್ಭಾಗದ ಊರುಗಳು ತಮ್ಮ ಶುದ್ಧೀಕರಣ ಘಟಕಗಳಲ್ಲಿ ಅತಿನೇರಳೆ ಕಿರಣದಿಂದ ರೋಗಾಣು ಕೊಲ್ಲುವ ವ್ಯವಸ್ಥೆ ಅಳವಡಿಸಿವೆ. ಕೆಳಗಿನವರಿಗಾಗಿ ಮೇಲಿನವರು ಮಾಡಿದ ಖರ್ಚು!

ಮುಠಾ ಇಸಾರ್ ಅಲ್ಲ, ನಿಜ. ನಮ್ಮದು ಮಳೆಗಾಲದ ನದಿ, ನಾಲ್ಕು ತಿಂಗಳು ಅಬ್ಬರ, ಎಂಟು ತಿಂಗಳು ಸಣ್ಣ ಹರಿವು. ಅದನ್ನು ವರ್ಷವಿಡೀ ತುಂಬಿದ ಕೆರೆಯಂತೆ ಮಾಡುವ ಹಟ ಯಾಕೆ? ಸಣ್ಣ ಹರಿವೇ ಶುದ್ಧವಾಗಿರಲಿ. ನಾಲೆಗಳು ನದಿ ಸೇರುವ ಮೊದಲು ಜೊಂಡು ಬೆಳೆದ ತೇವಭೂಮಿಯಲ್ಲಿ ಸೋಸಿ ಬರಲಿ. ದಂಡೆಯ ಮಣ್ಣನ್ನು ಅತ್ತಿ, ಹೊಂಗೆ, ನೇರಳೆಯ ಬೇರುಗಳು ಹಿಡಿದುಕೊಳ್ಳಲಿ. ದಂಡೆ ಕಟ್ಟಿ ಪಾತ್ರ ಬಿಗಿದರೆ ಪ್ರವಾಹ ಎಲ್ಲಿಗೆ ಹೋಗಬೇಕು ಎಂಬುದು ಇಲ್ಲಿ ಅನೇಕರ ಆಕ್ಷೇಪ. 2023ರ ಏಪ್ರಿಲ್‌ನಲ್ಲಿ ಮರ ಉಳಿಸಲು ನಡೆದ ಚಿಪ್ಕೋ ನಡಿಗೆಗೆ ನಾವೂ ಹೋಗಿದ್ದೆವು. 'ಜೀವಿತ್ ನದಿ' ಎಂಬ ಬಳಗದವರು ವಿಠ್ಠಲವಾಡಿಯಲ್ಲಿ ದಂಡೆಯ ಒಂದು ತುಣುಕನ್ನೇ ದತ್ತು ತೆಗೆದುಕೊಂಡು ನೋಡಿಕೊಳ್ಳುತ್ತಾರೆ. ಮಗಳು ಮಿಂಚುಳ್ಳಿಯನ್ನು ಮೊದಲ ಸಲ ನೋಡಿದ್ದು ಅಲ್ಲೇ.

ಈಗ ನಮ್ಮ ಸೊಸೈಟಿಯ ಸುದ್ದಿ. ನೆಲಮಾಳಿಗೆಯಲ್ಲಿ ನಮ್ಮದೇ ಒಂದು ಎಸ್‌ಟಿಪಿ ಇದೆ. ಬ್ಲೋವರ್ ಕೆಟ್ಟು ಎಂಟು ತಿಂಗಳಾಯಿತು. ಕರೆಂಟ್ ಬಿಲ್ ಉಳಿಯಿತು ಎಂದು ಕೆಲವರಿಗೆ ಸಮಾಧಾನವೂ ಇದೆ. ರಿಪೇರಿಯ ಕೊಟೇಶನ್ ತರಿಸಿದ್ದೇನೆ, ಭಾನುವಾರ ಸಭೆ. ನಮ್ಮ ಕಟ್ಟಡದಲ್ಲಿ ನಾಲ್ಕು ಮನೆಯವರು ದತ್ತನ ಭಕ್ತರು. ತಪ್ಪದೆ ಪ್ರತಿವರ್ಷ ನಮ್ಮ ತಾಲೂಕಿನ ಗಾಣಗಾಪುರಕ್ಕೆ ಹೋಗಿ ಭೀಮಾ-ಅಮರ್ಜಾ ಸಂಗಮದಲ್ಲಿ ಮುಳುಗೆದ್ದು ಬರುತ್ತಾರೆ. ಆ ನಾಲ್ಕೂ ಮನೆಗೆ ನಿನ್ನೆ ಹೋಗಿ, ನಮ್ಮ ಬಚ್ಚಲಿನ ನೀರು ಯಾವ ದಾರಿ ಹಿಡಿಯುತ್ತದೆ ಎಂದು ಮೊಬೈಲಿನ ನಕಾಶೆಯಲ್ಲಿ ತೋರಿಸಿ ಬಂದೆ. ಮೂವರು ಸಭೆಗೆ ಬರುತ್ತೇವೆ ಎಂದಿದ್ದಾರೆ.