ಸ್ಕ್ಯಾನಿಂಗ್ ಕೋಣೆಯ ದಿನಚರಿ

ದಾವಣಗೆರೆ
ನವೆಂಬರ್ 3, 2025, ಸೋಮವಾರ

ಬೆಳಗ್ಗೆಯೇ ಖಾಲಿ ಹೊಟ್ಟೆಯಲ್ಲಿ ಬಂದು ಕೂತವರ ಸಾಲು. ಅದರಲ್ಲೊಬ್ಬರು ಕಂಟ್ರಾಕ್ಟರು, ವಯಸ್ಸು 44, ತೂಕ 110 ಕೆ.ಜಿ. ಪಿತ್ತಕೋಶದಲ್ಲಿ ಕಲ್ಲಿದೆಯೇ ನೋಡಲು ಕಳಿಸಿದ್ದರು. ಕಲ್ಲಿಲ್ಲ. ಲಿವರ್ ಮಾತ್ರ ತೆರೆಯ ಮೇಲೆ ಬೆಳ್ಳಗೆ ಬೆಳಗುತ್ತಿತ್ತು. ಲಿವರೂ ಪಕ್ಕದ ಬಲ ಮೂತ್ರಪಿಂಡವೂ ಹೆಚ್ಚುಕಡಿಮೆ ಒಂದೇ ಛಾಯೆಯಲ್ಲಿ ಕಾಣಬೇಕು. ಇವರದರಲ್ಲಿ ಒಂದು ಬಿಳಿ, ಇನ್ನೊಂದು ಕಪ್ಪು. ಹಿಂದಿನ ವಪೆಯ ಗೆರೆಯೂ ಮಸುಕು. ಕೊಬ್ಬು ತುಂಬಿದ ಲಿವರ್, ಗ್ರೇಡ್ 2. ಹೊಟ್ಟೆಯ ಕೊಬ್ಬು ದಾಟಿ ಚಿತ್ರ ಬರಲು ಪ್ರೋಬ್ ಎಷ್ಟು ಒತ್ತಬೇಕಾಯಿತೆಂದರೆ ಸಂಜೆಯಾದರೂ ಮಣಿಕಟ್ಟು ನೋಯುತ್ತಿದೆ.

"ನಾ ಕುಡಿಯಲ್ಲ ಮೇಡಂ, ಯಾರನ್ನ ಬೇಕಾದ್ರೂ ಕೇಳ್ರಿ" ಅಂದರು. ಎಲ್ಲರೂ ಮೊದಲು ಹೇಳುವುದು ಇದನ್ನೇ. ಅಮೆರಿಕದ ಮೇಯೊ ಕ್ಲಿನಿಕ್ಕಿನ ಲುಡ್ವಿಗ್, ಕುಡಿಯದವರ ಲಿವರ್‌ನಲ್ಲೂ ಕುಡುಕರದ್ದೇ ಥರದ ಕೊಬ್ಬು, ಉರಿಯೂತ ಕಂಡು ಬರೆದದ್ದು 1980ರಲ್ಲಿ. ಇಷ್ಟು ವರ್ಷವಾದರೂ ನಮ್ಮೂರಲ್ಲಿ ಲಿವರ್ ಎಂದರೆ ಸಾರಾಯಿ.

ಹೆಂಡತಿ ಬಾಗಿಲಲ್ಲೇ ನಿಂತು, "ಬೆಣ್ಣೆ ದೋಸೆ ಬಿಡ್ರಿ ಅಂತ ನೀವಾದ್ರೂ ಹೇಳ್ರಿ ಮೇಡಂ, ನನ್ ಮಾತು ಎಲ್ಲಿ ಕೇಳ್ತಾರೆ" ಅಂದರು. ನಾನು ನಕ್ಕೆ. ಬೆಣ್ಣೆಯದು ಇದರಲ್ಲಿ ಸಣ್ಣ ಪಾಲು.

ನವೆಂಬರ್ 6, ಗುರುವಾರ

ಕಂಟ್ರಾಕ್ಟರು ರಕ್ತದ ರಿಪೋರ್ಟ್ ಹಿಡಿದು ಬಂದಿದ್ದರು. ತೋರಿಸಬೇಕಾದದ್ದು ತಮ್ಮ ಡಾಕ್ಟರಿಗೆ, ಆದರೂ ತೋರಿಸಿದರು. ಖಾಲಿ ಹೊಟ್ಟೆಯ ಸಕ್ಕರೆ 98. "ಶುಗರ್ ಇಲ್ಲ" ಎಂದು ಖುಷಿ. ಇನ್ಸುಲಿನ್ ನೋಡಿದರೆ 24! ಮೈ ಇನ್ಸುಲಿನ್ನಿಗೆ ಎಷ್ಟು ಬಗ್ಗುತ್ತಿಲ್ಲ ಎಂದು ತಿಳಿಯಲು ಎರಡನ್ನೂ ಗುಣಿಸಿ 405ರಿಂದ ಭಾಗಿಸಿದೆ: 5.8. ಎರಡೂವರೆ ದಾಟಿದರೇ ಅನುಮಾನ ಪಡುತ್ತೇವೆ. ಸಕ್ಕರೆ 98ರಲ್ಲಿ ನಿಂತಿರುವುದು ಮೇದೋಜೀರಕ ಗ್ರಂಥಿ ಹಗಲಿರುಳು ದುಡಿಯುತ್ತಿರುವುದರಿಂದ. ಅದು ಸೋತ ದಿನ ಸಕ್ಕರೆ ಕಾಯಿಲೆ.

ಇದರ ಒಳಗಿನ ಕಥೆ ನನಗೆ ಓದಿದಾಗಲೆಲ್ಲ ವಿಚಿತ್ರ ಅನಿಸುತ್ತದೆ. ಇಂಥವರ ಲಿವರ್ ಇನ್ಸುಲಿನ್ನಿನ ಮಾತಿಗೆ ಒಂದೇ ಕಿವಿ ಕಿವುಡಾದವರ ಹಾಗೆ. 'ಸಕ್ಕರೆ ತಯಾರಿಸುವುದು ನಿಲ್ಲಿಸು' ಎಂದರೆ ಕೇಳಿಸುವುದಿಲ್ಲ. 'ಕೊಬ್ಬು ಕಟ್ಟು' ಎಂದರೆ ಚೆನ್ನಾಗಿ ಕೇಳಿಸುತ್ತದೆ. ಅತ್ತ ಹೊಟ್ಟೆಯ ಕೊಬ್ಬಿನ ಕೋಶಗಳೂ ಇನ್ಸುಲಿನ್ನಿಗೆ ಬಗ್ಗದೆ ಕೊಬ್ಬಿನಾಮ್ಲವನ್ನು ರಕ್ತಕ್ಕೆ ಸುರಿಯುತ್ತಲೇ ಇರುತ್ತವೆ. 2005ರಲ್ಲಿ ಸ್ಥೂಲಕಾಯದ ಕೆಲವೇ ರೋಗಿಗಳಲ್ಲಿ ಗುರುತು ಹಚ್ಚಿ ಅಳೆದು ನೋಡಿದ್ದರು: ಲಿವರ್‌ನ ಕೊಬ್ಬಿನಲ್ಲಿ ಸುಮಾರು ಶೇಕಡಾ 60 ಬಂದದ್ದು ಮೈಯ ಕೊಬ್ಬಿನಿಂದ, ಕಾಲು ಭಾಗ ಲಿವರ್ ತಾನೇ ಸಕ್ಕರೆ-ಪಿಷ್ಟದಿಂದ ಕಟ್ಟಿದ್ದು, ಊಟದ ಕೊಬ್ಬಿನಿಂದ ನೇರವಾಗಿ ಬಂದದ್ದು ಶೇಕಡಾ 15. ಹೀಗಾಗಿ ದೋಸೆಯ ಮೇಲಿನ ಬೆಣ್ಣೆಗಿಂತ ಎಷ್ಟು ದೋಸೆ, ಸಂಜೆ ಎಷ್ಟು ಮಂಡಕ್ಕಿ-ಮಿರ್ಚಿ, ದಿನಕ್ಕೆ ಎಷ್ಟು ಸಿಹಿ ಚಹಾ ಎಂದು ಕೇಳಬೇಕು. ಕಂಟ್ರಾಕ್ಟರರನ್ನು ಕೇಳಿದೆ. ಸೈಟಿನಲ್ಲಿ ಚಹಾಕ್ಕೆ ಲೆಕ್ಕವೇ ಇಲ್ಲವಂತೆ.

ಕತ್ತಿನ ಹಿಂದೆ ಕಪ್ಪು ಪಟ್ಟಿ. ಕೊಳೆ ಎಂದು ಹೆಂಡತಿ ತಿಕ್ಕಿಸುತ್ತಾರಂತೆ. ಪಾಪ, ಅದೂ ಏರಿದ ಇನ್ಸುಲಿನ್ನಿನ ಗುರುತೇ.

ನವೆಂಬರ್ 9, ಭಾನುವಾರ

ಮೈದುನ ಊಟಕ್ಕೆ ಬಂದಿದ್ದ. "ನಾನು ತೆಳ್ಳಗಿದ್ದೀನಿ ಬಿಡಿ ಅತ್ತಿಗೆ" ಅಂದ. ಟೇಪು ಸುತ್ತಿದೆ: ಸೊಂಟ 94 ಸೆಂ.ಮೀ. ನಮ್ಮ ಗಂಡಸರಿಗೆ 90, ಹೆಂಗಸರಿಗೆ 80 ಮಿತಿ. ಪುಣೆಯ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಯಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್'ನಲ್ಲಿ ತಮ್ಮಿಬ್ಬರ ಫೋಟೋವನ್ನೇ ಹಾಕಿದ್ದರು. ಇಬ್ಬರ ಬಿಎಂಐ ಒಂದೇ, 22.3. ಮೈಯ ಕೊಬ್ಬು ಮಾತ್ರ ಯಡ್ಕಿನ್‌ಗೆ ಶೇಕಡಾ 9.1, ಯಾಜ್ಞಿಕ್‌ಗೆ 21.2. ಭಾರತೀಯರಿಗೆ ಬಿಎಂಐ 25ಕ್ಕೇ ಸ್ಥೂಲಕಾಯ ಎನ್ನುವುದು ಸುಮ್ಮನೆ ಅಲ್ಲ. ಇದನ್ನು ಹೇಳಿದ ಮೇಲೂ ಮೈದುನ ಎರಡನೇ ಹೋಳಿಗೆ ಹಾಕಿಸಿಕೊಂಡ.

ನವೆಂಬರ್ 14, ಶುಕ್ರವಾರ

ವಿಶ್ವ ಮಧುಮೇಹ ದಿನದ ಶಿಬಿರಕ್ಕೆ ಹೋಗಿದ್ದೆ. ಬೆರಳು ಚುಚ್ಚಿ ಸಕ್ಕರೆ ನೋಡಿದರು. ಸೊಂಟ ಅಳೆಯಲು ಒಂದು ಟೇಪು ಇರಲಿಲ್ಲ. ಬದಲಿಗೆ 'ಲಿವರ್ ಟಾನಿಕ್' ಬಾಟಲಿಗಳು ಧಾರಾಳ. ಅದನ್ನು ಕುಡಿದು ಲಿವರ್‌ನ ಕೊಬ್ಬು ಕರಗಿಸಿಕೊಂಡವರನ್ನು ನಾನಂತೂ ನನ್ನ ಮೆಷಿನ್ನಿನಲ್ಲಿ ಕಂಡಿಲ್ಲ. ತೂಕ ಇಳಿಸಿದವರನ್ನು ಕಂಡಿದ್ದೇನೆ. ಶೇಕಡಾ 5 ಇಳಿದರೆ ಕೊಬ್ಬು ಕಡಿಮೆಯಾಗತೊಡಗುತ್ತದೆ, 7ರಿಂದ 10 ಇಳಿದರೆ ಉರಿಯೂತವೂ ತಗ್ಗುತ್ತದೆ. ತೂಕ ಇಳಿಸುವ ಸೆಮಾಗ್ಲುಟೈಡ್ ಚುಚ್ಚುಮದ್ದಿಗೆ ಅಮೆರಿಕದಲ್ಲಿ ಈ ಆಗಸ್ಟ್‌ನಲ್ಲಿ ಲಿವರ್ ಕಾಯಿಲೆಗೂ ಒಪ್ಪಿಗೆ ಸಿಕ್ಕಿದೆ. ಆದರೆ ನಮ್ಮ ಸಾಲಿನಲ್ಲಿ ಕೂರುವ ಎಷ್ಟು ಜನರ ಕೈಗೆಟುಕೀತು?

'ಗ್ರೇಡ್ 1, ಎಲ್ಲರಿಗೂ ಇರುತ್ತೆ' ಎಂದು ಚೀಟಿ ಮಡಿಸಿ ಕಳಿಸುವ ಡಾಕ್ಟರುಗಳ ಮೇಲೆ ನನಗೆ ಸಿಟ್ಟಿದೆ. ಎಲ್ಲರಿಗೂ ಇದ್ದರೆ ಕಾಯಿಲೆ ಅಲ್ಲ ಎಂದೇ? ಲಿವರ್‌ನಲ್ಲಿ ಕೊಬ್ಬು ತುಂಬಿದವರಲ್ಲಿ ಬಹಳ ಮಂದಿಯನ್ನು ಕೊಲ್ಲುವುದು ಲಿವರ್ ಅಲ್ಲ, ಹೃದಯ.

ಕಂಟ್ರಾಕ್ಟರರ ಲಿವರ್ ಗಾಯಗಟ್ಟಿ ಗಟ್ಟಿಯಾಗಿದೆಯೇ ಎಂದು ತಿಳಿಯಲು ವಯಸ್ಸು, ಎಎಸ್‌ಟಿ 48, ಎಎಲ್‌ಟಿ 68, ಪ್ಲೇಟ್‌ಲೆಟ್ 2.1 ಲಕ್ಷ ಸೇರಿಸಿ ಫಿಬ್-4 ಲೆಕ್ಕ ಹಾಕಿದೆ: 1.22. 1.3ರೊಳಗಿದೆ, ಸದ್ಯಕ್ಕೆ ಭಯವಿಲ್ಲ. ಫೋನಿನಲ್ಲಿ ಹೇಳಿದೆ: ಮೊದಲು 8 ಕೆ.ಜಿ. ಇಳಿಸಿ, ಆರು ತಿಂಗಳ ಮೇಲೆ ಬನ್ನಿ.